ಮನೆ ಪಕ್ಕ ಕಾರ್ಖಾನೆ ಬಂದರೆ? ವಲಯ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಕ್ಕದ ಖಾಲಿ ಜಾಗದಲ್ಲಿ ಶೆಡ್ ಏಳುವವರೆಗೂ ವಲಯ ನಿಯಮದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎದ್ದ ಮೇಲೆ ಎಲ್ಲರೂ ಕೇಳುವುದು ಹೆಚ್ಚೂಕಮ್ಮಿ ಇದೇ ಪ್ರಶ್ನೆಗಳನ್ನು. ಕಾನೂನಿನ ವಿವರ ದೇಶದಿಂದ ದೇಶಕ್ಕೆ, ಊರಿಂದ ಊರಿಗೆ ಬೇರೆ. ಅದರ ಹಿಂದಿರುವ ಲೆಕ್ಕಾಚಾರ ಮಾತ್ರ ಅಷ್ಟೇನೂ ಬದಲಾಗುವುದಿಲ್ಲ.

ವಲಯ ನಿಯಮ ಅಂದರೆ ಏನು?

ಊರಿನ ನಕ್ಷೆಯನ್ನು ತುಂಡು ತುಂಡಾಗಿ ಗುರುತು ಮಾಡಿ, ಯಾವ ತುಂಡಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ಬರೆದಿಡುವುದು. ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಅಂತ. ಜಾಗ ನಿಮ್ಮದೇ ಆದರೂ ಅದನ್ನು ಯಾವುದಕ್ಕೆ ಬಳಸಬೇಕು ಅನ್ನುವುದಕ್ಕೆ ಊರಿನ ಒಪ್ಪಿಗೆ ಬೇಕು.

ನಕ್ಷೆಯ ಜೊತೆ ಒಂದು ನಿಯಮಾವಳಿ ಇರುತ್ತದೆ. ಜನ ನಕ್ಷೆಯ ಬಣ್ಣ ನೋಡಿ ಸುಮ್ಮನಾಗುತ್ತಾರೆ. ಅಸಲಿ ವಿಷಯ ಇರುವುದು ಆ ನಿಯಮಾವಳಿಯಲ್ಲಿ. ಹಳದಿ ಬಣ್ಣದ ವಸತಿ ವಲಯದಲ್ಲೂ 'ವಿಶೇಷ ಅನುಮತಿ ಪಡೆದು' ಮಾಡಬಹುದಾದ ಕೆಲಸಗಳ ಉದ್ದನೆಯ ಪಟ್ಟಿ ಇರಬಹುದು. ಮೊದಲು ಅದನ್ನು ಓದಿ.

ಇದು ಯಾವಾಗ ಶುರುವಾಯಿತು?

ಅಂದುಕೊಂಡಿದ್ದಕ್ಕಿಂತ ಹಳೆಯದು. 1810ರಲ್ಲಿ ಫ್ರಾನ್ಸಿನಲ್ಲಿ ನೆಪೋಲಿಯನ್ ಸರ್ಕಾರ ಒಂದು ಆದೇಶ ಹೊರಡಿಸಿತು. ಗಬ್ಬು ವಾಸನೆ ಬೀರುವ ಕಾರ್ಖಾನೆಗಳನ್ನು ಅದು ಮೂರು ದರ್ಜೆ ಮಾಡಿತು. ಮೊದಲನೆಯವು ಮನೆಗಳಿಂದ ದೂರ ಇರಲೇಬೇಕು. ಎರಡನೆಯವು ಹತ್ತಿರ ಇರಬಹುದು, ಆದರೆ ತೊಂದರೆ ಕೊಡುವುದಿಲ್ಲ ಅಂತ ಖಾತ್ರಿಯಾದ ಮೇಲೆ. ಮೂರನೆಯವು ಮನೆಗಳ ನಡುವೆಯೇ ಇರಬಹುದು, ಕಣ್ಣಿಟ್ಟಿದ್ದರೆ ಸಾಕು. ಇನ್ನೂರು ವರ್ಷದ ಮೇಲಾಯಿತು. ಇವತ್ತಿನ ಹಲವು ನಿಯಮಗಳು ಈ ಮೂರು ಮೆಟ್ಟಿಲನ್ನೇ ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿವೆ.

ಇಡೀ ಊರಿಗೇ ವಲಯ ಹಾಕುವ ಪದ್ಧತಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1891ರಲ್ಲಿ ಬಂತು. ಅಮೆರಿಕದ ಲಾಸ್ ಏಂಜಲೀಸ್ 1908ರಲ್ಲಿ ವಸತಿ ಮತ್ತು ಕೈಗಾರಿಕೆ ಭಾಗಗಳನ್ನು ಬೇರೆ ಮಾಡಿತು. ನ್ಯೂಯಾರ್ಕ್ 1916ರಲ್ಲಿ ಇಡೀ ನಗರಕ್ಕೆ ನಿಯಮ ತಂದಿತು.

ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತಿದ್ದು 1926ರಲ್ಲಿ. ಓಹಾಯೋ ರಾಜ್ಯದ ಯೂಕ್ಲಿಡ್ ಅನ್ನುವ ಸಣ್ಣ ಊರು ವಲಯ ನಿಯಮ ಮಾಡಿತು. 68 ಎಕರೆ ಜಾಗ ಇಟ್ಟುಕೊಂಡಿದ್ದ ಆಂಬ್ಲರ್ ರಿಯಾಲ್ಟಿ ಅನ್ನುವ ಕಂಪನಿ, ಇದರಿಂದ ನಮ್ಮ ಜಾಗದ ಬೆಲೆ ಬಿದ್ದುಹೋಯಿತು ಅಂತ ಕೇಸು ಹಾಕಿತು. ಅಮೆರಿಕದ ಸುಪ್ರೀಂ ಕೋರ್ಟ್ 6-3 ಬಹುಮತದಲ್ಲಿ ಊರಿನ ಪರ ನಿಂತಿತು. ತೀರ್ಪು ಕೊಟ್ಟ ಹೋಲಿಕೆ ಚೆನ್ನಾಗಿದೆ: ಹಂದಿ ದೊಡ್ಡಿಯಲ್ಲಿದ್ದರೆ ತೊಂದರೆ ಇಲ್ಲ, ನಡುಮನೆಗೆ ಬಂದರೆ ತೊಂದರೆ. ಅಂದರೆ ಕಾರ್ಖಾನೆ ಕೆಟ್ಟದ್ದು ಅಂತಲ್ಲ, ಜಾಗ ತಪ್ಪು ಅಂತ.

'ಕೈಗಾರಿಕೆ' ಅಂದರೆ ಯಾವುದು? ನಾಲ್ಕು ಜನ ಕೆಲಸ ಮಾಡುವ ಶೆಡ್ಡೂ ಕೈಗಾರಿಕೆಯಾ?

ಜಗಳ ಶುರುವಾಗುವುದು ಇಲ್ಲಿಂದಲೇ. ಹಳೆಯ ನಿಯಮಗಳು ಹೆಸರು ನೋಡಿ ನಿರ್ಧರಿಸುತ್ತಿದ್ದವು. ಇಟ್ಟಿಗೆ ಗೂಡು, ಚರ್ಮ ಹದ ಮಾಡುವುದು, ಎರಕ ಹೊಯ್ಯುವುದು ಹೀಗೆ ಪಟ್ಟಿ ಮಾಡಿ ಇವು ಬೇಡ ಅನ್ನುತ್ತಿದ್ದವು. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಏನು ಮಾಡುವುದು? ಸಾಲು ಸಾಲು ಕಂಪ್ಯೂಟರ್ ಇಡುವ ಡೇಟಾ ಸೆಂಟರ್ ಯಾವ ಹಳೇ ಪಟ್ಟಿಯಲ್ಲೂ ಇರಲಿಲ್ಲ. ಅದರಿಂದ ಸಾಮಾನ್ಯವಾಗಿ ಹೊಗೆ ಬರುವುದಿಲ್ಲ, ಆದರೆ ಕೂಲಿಂಗ್ ಫ್ಯಾನುಗಳ ಗುಂಯ್ ಸದ್ದು ಹಗಲೂ ರಾತ್ರಿ ನಿಲ್ಲುವುದಿಲ್ಲ.

ಅದಕ್ಕೇ ಇನ್ನೊಂದು ದಾರಿ ಬಂತು. ಏನು ತಯಾರಿಸುತ್ತೀರಿ ಅಂತ ಕೇಳುವ ಬದಲು, ನಿಮ್ಮ ಕಾಂಪೌಂಡ್ ದಾಟಿ ಏನು ಹೊರಗೆ ಬರುತ್ತದೆ ಅಂತ ಕೇಳುವುದು. ಸದ್ದು, ಅದುರು, ವಾಸನೆ, ಧೂಳು, ಕಣ್ಣು ಕುಕ್ಕುವ ಬೆಳಕು, ಬೆಂಕಿಯ ಅಪಾಯ, ಎಲ್ಲಕ್ಕೂ ಗಡಿಗೆರೆಯ ಮೇಲೆ ಒಂದು ಮಿತಿ. ಮಿತಿಯೊಳಗೆ ಇದ್ದರೆ ಒಳಗೆ ಏನು ಬೇಕಾದರೂ ಮಾಡಿ. ನನಗೆ ಇದೇ ಸರಿ ಅನಿಸುತ್ತದೆ. ಆದರೆ ಇದಕ್ಕೆ ಅಳೆಯುವ ಜನ ಬೇಕು, ಉಪಕರಣ ಬೇಕು. ಅಳೆಯುವವರೇ ಇಲ್ಲದ ಕಡೆ ಹಳೇ ಪಟ್ಟಿಯೇ ವಾಸಿ. ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ ಹೇಳಲು ಮೀಟರ್ ಬೇಕಿಲ್ಲ.

ಗೋದಾಮಿನ ವಿಷಯದಲ್ಲಿ ಎಚ್ಚರ. ಅಲ್ಲಿ ಏನೂ ತಯಾರಾಗುವುದಿಲ್ಲ. ಹಾಗಾಗಿ ಸುಮ್ನೆ 'ವಾಣಿಜ್ಯ' ಅಂತ ನುಸುಳಿಬಿಡುತ್ತದೆ. ಆದರೆ ದಿನಕ್ಕೆ ನೂರಾರು ಲಾರಿ ಬಂದುಹೋಗುವ ಗೋದಾಮು, ಸಣ್ಣ ಫ್ಯಾಕ್ಟರಿಗಿಂತ ಜಾಸ್ತಿ ಡೀಸೆಲ್ ಹೊಗೆ ಕೊಡುತ್ತದೆ.

ಮನೆಗೂ ಕಾರ್ಖಾನೆಗೂ ಎಷ್ಟು ದೂರ ಇರಬೇಕು?

ಒಂದೇ ಸಂಖ್ಯೆ ಇಲ್ಲ. ಯಾವ ತೊಂದರೆಯಿಂದ ದೂರ ಇರಬೇಕು ಅನ್ನುವುದರ ಮೇಲೆ ದೂರ ನಿಂತಿದೆ.

ಸದ್ದನ್ನೇ ತೆಗೆದುಕೊಳ್ಳಿ. ಬಯಲಿನಲ್ಲಿ, ಒಂದೇ ಕಡೆಯಿಂದ ಬರುವ ಸದ್ದು, ದೂರ ಎರಡರಷ್ಟಾದಾಗ ಸುಮಾರು 6 ಡೆಸಿಬೆಲ್ (ಸದ್ದು ಅಳೆಯುವ ಮಾನ) ಕಡಿಮೆಯಾಗುತ್ತದೆ. ಯಂತ್ರದಿಂದ 20 ಮೀಟರ್ ದೂರದಲ್ಲಿ 70 ಇದ್ದರೆ, 40 ಮೀಟರಿಗೆ 64, 80 ಮೀಟರಿಗೆ 58, 160 ಮೀಟರಿಗೆ 52. ಮೊದಲ 20 ಮೀಟರ್ ಹೆಚ್ಚಿಸಿದ್ದಕ್ಕೆ ಸಿಕ್ಕಿದ ಲಾಭ, ಕೊನೆಗೆ 80 ಮೀಟರ್ ಹೆಚ್ಚಿಸಿದರೆ ಸಿಗುತ್ತದೆ. ಹಾಗಾಗಿ ದೂರವೊಂದನ್ನೇ ನಂಬಿದರೆ ಜಾಗ ತುಂಬಾ ಬೇಕು. ಯಂತ್ರವನ್ನು ಒಳಗಿಟ್ಟು ಬಾಗಿಲು ಮುಚ್ಚಿಸುವುದು ಎಷ್ಟೋ ಸಲ ಅಗ್ಗ.

ಹೊಗೆಯ ಲೆಕ್ಕ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದ ವಾಯು ಮಂಡಳಿ 2005ರಲ್ಲಿ ಊರುಗಳಿಗೆ ಒಂದು ಸಲಹೆ ಕೊಟ್ಟಿತು. ದಿನಕ್ಕೆ ನೂರಕ್ಕಿಂತ ಜಾಸ್ತಿ ಟ್ರಕ್ ಬರುವ ಗೋದಾಮಿನಿಂದ 1,000 ಅಡಿ ಒಳಗೆ, ದೊಡ್ಡ ಹೆದ್ದಾರಿಯಿಂದ 500 ಅಡಿ ಒಳಗೆ ಹೊಸ ಮನೆ, ಶಾಲೆ, ಆಸ್ಪತ್ರೆ ಬೇಡ ಅಂತ. ಇದು ಸಲಹೆ, ಕಾನೂನಲ್ಲ. ಆದರೆ ಲೆಕ್ಕ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿಲ್ಲದವರಿಗೆ ಒಂದು ಅಳತೆಗೋಲು.

ವಾಸನೆ ಇನ್ನೂ ಮೊಂಡು. ಗಾಳಿ ಬೀಸುವ ದಿಕ್ಕಿನ ಮೇಲೆ ನಿಂತಿದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕೆಳಗೇ ಉಳಿಯುತ್ತದೆ, ಮೇಲಿನ ಬೆಚ್ಚನೆ ಗಾಳಿ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಆಗ ವಾಸನೆ ಚದುರುವುದಿಲ್ಲ, ಸದ್ದೂ ದೂರ ಹೋಗುತ್ತದೆ. 'ಹಗಲು ಏನೂ ಇರಲ್ಲ, ರಾತ್ರಿ ಮಾತ್ರ ನಾರುತ್ತೆ' ಅನ್ನುವವರು ಸುಳ್ಳು ಹೇಳುತ್ತಿಲ್ಲ. ಮಧ್ಯಾಹ್ನ ಬಂದು ಮೂಸಿ ಹೋಗುವ ಅಧಿಕಾರಿಗೆ ಅದು ಸಿಗುವುದೂ ಇಲ್ಲ.

ಇನ್ನು ಸ್ಫೋಟ, ವಿಷಾನಿಲ. ಇಲ್ಲಿ ದಿನನಿತ್ಯದ ಕಿರಿಕಿರಿಯ ಪ್ರಶ್ನೆಯೇ ಅಲ್ಲ. 364 ದಿನ ಏನೂ ಗೊತ್ತಾಗುವುದಿಲ್ಲ. 1976ರ ಜುಲೈ 10ರಂದು ಇಟಲಿಯ ಸೆವೆಸೋ ಹತ್ತಿರದ ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಅನ್ನುವ ವಿಷ ಹೊರಬಿತ್ತು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೋಸೈಯನೇಟ್ ಅನ್ನುವ ವಿಷಾನಿಲ ಸೋರಿತು, ಕಾರ್ಖಾನೆಯ ಗೋಡೆಯಾಚೆಗೇ ಬಡವರ ಮನೆಗಳಿದ್ದವು. ಯುರೋಪ್ 1982ರಲ್ಲಿ ಸೆವೆಸೋ ಹೆಸರಿನಲ್ಲೇ ನಿಯಮ ತಂದಿತು. 1996ರ ತಿದ್ದುಪಡಿಯಲ್ಲಿ, ಇಂಥ ಕಾರ್ಖಾನೆಗೂ ಮನೆಗಳಿಗೂ ಸಾಕಷ್ಟು ಅಂತರ ಇಡುವುದನ್ನು ಊರಿನ ಯೋಜನೆಯಲ್ಲೇ ನೋಡಿಕೊಳ್ಳಬೇಕು ಅಂತ ಸೇರಿಸಿತು. ಇಲ್ಲಿ ಅಂತರವನ್ನು ಲೆಕ್ಕ ಹಾಕುವುದು ಒಳಗೆ ಏನು, ಎಷ್ಟು ಟನ್ ಇಟ್ಟಿದ್ದಾರೆ ಅನ್ನುವುದರ ಮೇಲೆ. ನೋಡಲು ಕಾರ್ಖಾನೆ ಚಿಕ್ಕದಿರಬಹುದು.

ಮಧ್ಯೆ ಒಂದು ಸಾಲು ಮರ ನೆಟ್ಟರೆ ಸಾಲದಾ?

ಸಾಲದು. ಒಂದೆರಡು ಸಾಲು ಮರ ಕಾರ್ಖಾನೆಯನ್ನು ಕಣ್ಣಿಂದ ಮರೆ ಮಾಡುತ್ತದೆ, ಸ್ವಲ್ಪ ಧೂಳು ಹಿಡಿಯುತ್ತದೆ. ಸದ್ದಿಗೆ ಅದು ಅಡ್ಡಿಯೇ ಅಲ್ಲ. ಹತ್ತಾರು ಮೀಟರ್ ಅಗಲದ ದಟ್ಟ ತೋಪು ಇದ್ದರೆ ಮಾತ್ರ ಒಂದಿಷ್ಟು ಪ್ರಯೋಜನ. ನಕ್ಷೆಯಲ್ಲಿ 'ಹಸಿರು ಪಟ್ಟಿ' ಅಂತ ಕಂಡರೆ ಅಗಲ ಎಷ್ಟು ಅಂತ ಮೊದಲು ಕೇಳಿ. ಸಂದು ಬಿಡದೆ ಕಟ್ಟಿದ ಗಟ್ಟಿ ಗೋಡೆ ಮರಕ್ಕಿಂತ ಚೆನ್ನಾಗಿ ಸದ್ದು ತಡೆಯುತ್ತದೆ, ಅದೂ ಯಂತ್ರ ಮನೆಯ ಕಿಟಕಿಗೆ ಕಾಣದಷ್ಟು ಎತ್ತರ ಇದ್ದರೆ. ಮೂರನೇ ಮಹಡಿಯವರಿಗೆ ಗೋಡೆಯಿಂದ ಏನೂ ಆಗದು.

ಸದ್ದಿಗೆ ಎಷ್ಟು ಮಿತಿ?

ಭಾರತದ 2000ನೇ ಇಸವಿಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70. ಜರ್ಮನಿಯಲ್ಲಿ ಸಾಮಾನ್ಯ ವಸತಿ ಪ್ರದೇಶಕ್ಕೆ 55 ಮತ್ತು 40, ಬರೀ ಮನೆಗಳೇ ಇರುವ ಕಡೆ 50 ಮತ್ತು 35.

ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಭಾರತದ ಲೆಕ್ಕದಲ್ಲಿ ರಾತ್ರಿ ಎರಡು ವಲಯಕ್ಕೂ 25 ಡೆಸಿಬೆಲ್ ವ್ಯತ್ಯಾಸ. 10 ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ ಹತ್ತುಪಟ್ಟು, ಕಿವಿಗೆ ಸುಮಾರು ಎರಡರಷ್ಟು. ಎರಡೂ ವಲಯ ಒಂದೇ ರಸ್ತೆಯ ಆ ಕಡೆ ಈ ಕಡೆ ಇದ್ದರೆ, ಆ 25 ಡೆಸಿಬೆಲ್ ರಸ್ತೆ ದಾಟುವಷ್ಟರಲ್ಲಿ ಕರಗಬೇಕು. ಕರಗುತ್ತದಾ? ನೀವೇ ಮೇಲಿನ ಲೆಕ್ಕ ಹಾಕಿ ನೋಡಿ. ಅದಕ್ಕೇ ಯೋಜನೆ ಬಲ್ಲವರು ಭಾರಿ ಕೈಗಾರಿಕೆಯ ಪಕ್ಕ ಹಗುರ ಕೈಗಾರಿಕೆ, ಅದರ ಪಕ್ಕ ಆಫೀಸು ಅಂಗಡಿ, ಆಮೇಲೆ ಮನೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಇಡುತ್ತಾರೆ.

ಕಾರ್ಖಾನೆ ಮೊದಲೇ ಇತ್ತು, ಮನೆ ಆಮೇಲೆ ಬಂತು. ಆಗ ತಪ್ಪು ಯಾರದು?

ಕಾರ್ಖಾನೆ ಮನೆಗಳ ಹತ್ತಿರ ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಕಡೆ ಆಗುವುದು ಉಲ್ಟಾ.

ಫ್ರಾನ್ಸಿನ ಟುಲೂಸ್‌ನಲ್ಲಿ ರಸಗೊಬ್ಬರದ ಕಾರ್ಖಾನೆ 1920ರ ದಶಕದಲ್ಲಿ ಊರಾಚೆ ಶುರುವಾಗಿತ್ತು. ಊರು ಬೆಳೆಯುತ್ತಾ ಬೆಳೆಯುತ್ತಾ ಅದನ್ನು ಸುತ್ತುವರಿಯಿತು. 2001ರ ಸೆಪ್ಟೆಂಬರ್ 21ರಂದು ಅಲ್ಲಿದ್ದ ಅಮೋನಿಯಂ ನೈಟ್ರೇಟ್ ಸಿಡಿಯಿತು. 31 ಜನ ಸತ್ತರು. ನೆದರ್ಲೆಂಡ್ಸ್‌ನ ಎನ್‌ಶೆಡೆಯಲ್ಲಿ ಪಟಾಕಿ ಗೋದಾಮಿನ ಕಥೆಯೂ ಹೀಗೇ. ಕಟ್ಟಿದಾಗ ಊರ ಹೊರಗೆ, 2000ದ ಮೇ 13ರಂದು ಸಿಡಿದಾಗ ಮನೆಗಳ ನಡುವೆ. 23 ಜನ ಹೋದರು, ಸುಮಾರು 400 ಮನೆ ನಾಶ. ಎರಡೂ ಕಡೆ ಕಾರ್ಖಾನೆ ಇದ್ದಲ್ಲೇ ಇತ್ತು. ಮನೆಗಳಿಗೆ ಒಂದೊಂದಾಗಿ ಅನುಮತಿ ಕೊಡುತ್ತಾ ಬಂದವರು ಇದ್ದರು. ಟುಲೂಸ್ ಆದ ಮೇಲೆ 2003ರಲ್ಲಿ ಫ್ರಾನ್ಸ್ ಕಾನೂನು ಬದಲಿಸಿತು. ತೀರಾ ಅಪಾಯದ ಅಂತರದಲ್ಲಿರುವ ಮನೆಗಳನ್ನು ಕೊಂಡು ಖಾಲಿ ಮಾಡಿಸುವ ಅವಕಾಶವನ್ನೂ ಇಟ್ಟಿತು.

ಕೋರ್ಟುಗಳ ನಿಲುವು ಒಂದೇ ಥರ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಒಬ್ಬರು ಊರ ಹೊರಗೆ ಇಟ್ಟಿಗೆ ಗೂಡು ನಡೆಸುತ್ತಿದ್ದರು. ಊರು ಬೆಳೆದು ಅವರ ಜಾಗ ವಸತಿ ಪ್ರದೇಶ ಆಯಿತು, ಗೂಡು ಮುಚ್ಚಿ ಅಂದರು. 1915ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಊರಿನ ಮಾತನ್ನೇ ಎತ್ತಿಹಿಡಿಯಿತು. ಮೊದಲು ಬಂದವನಿಗೆ ಅಲ್ಲಿ ಸೋಲು.

ಈಚೆಗೆ ಗಾಳಿ ಮೊದಲು ಬಂದವನ ಕಡೆ ತಿರುಗಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2014ರಲ್ಲಿ, ಇಂಗ್ಲೆಂಡಿನಲ್ಲಿ 2018ರಲ್ಲಿ 'ಹೊಸದಾಗಿ ಬಂದವನದೇ ಹೊಣೆ' ಅನ್ನುವ ತತ್ವ ಯೋಜನಾ ನೀತಿಗೆ ಸೇರಿತು. ಗದ್ದಲದ ಜಾಗದ ಪಕ್ಕ ಅಪಾರ್ಟ್‌ಮೆಂಟ್ ಕಟ್ಟುವವನೇ ದಪ್ಪ ಗಾಜು, ಗೋಡೆ ಹಾಕಿಕೊಡಬೇಕು. ಸಂಗೀತದ ಸಭಾಂಗಣಗಳನ್ನು ಉಳಿಸಲು ಶುರುವಾದ ಮಾತು ಇದು, ಇಂಗ್ಲೆಂಡಿನಲ್ಲಿ ಕಾರ್ಖಾನೆಗೂ ಅನ್ವಯಿಸುತ್ತದೆ. ಸದ್ದಿನ ಮಟ್ಟಿಗೆ ನ್ಯಾಯವಾಗಿಯೇ ಇದೆ. ವಿಷ, ಸ್ಫೋಟದ ಮಟ್ಟಿಗೆ ಮಾತ್ರ ದಪ್ಪ ಗಾಜು ಉತ್ತರವಲ್ಲ.

ನಿಯಮ ಬರುವ ಮೊದಲೇ ಇದ್ದ ಕಾರ್ಖಾನೆಯನ್ನು ಮುಚ್ಚಿಸಬಹುದಾ?

ಸಾಮಾನ್ಯವಾಗಿ ತಕ್ಷಣ ಆಗುವುದಿಲ್ಲ. ಇದ್ದದ್ದು ಇದ್ದ ಹಾಗೆ ನಡೆಯಲಿ ಅಂತ ಬಿಡುತ್ತಾರೆ. ಆದರೆ ವಿಸ್ತರಿಸುವ ಹಾಗಿಲ್ಲ. ಇಂತಿಷ್ಟು ತಿಂಗಳು ಮುಚ್ಚಿದ್ದರೆ ಹಕ್ಕು ಹೋಗುತ್ತದೆ. ಕೆಲವು ಊರುಗಳು ಇಂತಿಷ್ಟು ವರ್ಷದೊಳಗೆ ಜಾಗ ಬದಲಿಸಿ ಅಂತ ಗಡುವು ಕೊಡುತ್ತವೆ. ಹಿಂದಿನಿಂದ ಶೆಡ್ ಉದ್ದವಾಗುತ್ತಿದೆಯಾ, ಎರಡನೇ ಪಾಳಿ ಶುರುವಾಯಿತಾ ಅಂತ ಗಮನಿಸಿ. ದೂರು ಕೊಡಲು ಅದೇ ಗಟ್ಟಿ ಆಧಾರ.

ಕೈಗಾರಿಕಾ ವಲಯದಲ್ಲಿ ಮನೆ ಕಟ್ಟಿಕೊಳ್ಳಬಹುದಾ?

ಕೆಲವು ಕಡೆ ಹೌದು. ಹಳೆಯ ವಲಯ ನಿಯಮಗಳು ಪಿರಮಿಡ್ಡಿನ ಹಾಗಿದ್ದವು. ಮನೆಯ ವಲಯದಲ್ಲಿ ಕಾರ್ಖಾನೆ ಬೇಡ, ಆದರೆ ಕಾರ್ಖಾನೆಯ ವಲಯದಲ್ಲಿ ಮನೆ ಇದ್ದರೆ ಇರಲಿ. ಜಪಾನಿನಲ್ಲಿ 'ಕೈಗಾರಿಕಾ ವಲಯ'ದಲ್ಲಿ ಈಗಲೂ ಮನೆ ಕಟ್ಟಬಹುದು, 'ಕೈಗಾರಿಕೆಗೆ ಮಾತ್ರ' ಅನ್ನುವ ಇನ್ನೊಂದು ವಲಯದಲ್ಲಿ ಕಟ್ಟುವ ಹಾಗಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಅಂಥ ಕಡೆ ಜಾಗ ತೆಗೆದುಕೊಂಡರೆ ಆಮೇಲೆ ದೂರು ಕೊಡಲು ಬಾಯಿ ಇರುವುದಿಲ್ಲ.

ಮನೆಯಲ್ಲೇ ಸಣ್ಣದಾಗಿ ಕೆಲಸ ಮಾಡಿಕೊಂಡರೆ ಅದೂ ತಪ್ಪಾ?

ಬಹುತೇಕ ಕಡೆ ಅಲ್ಲ. ಮನೆಯವರೇ ಮಾಡಬೇಕು, ಇಷ್ಟೇ ಜಾಗದಲ್ಲಿ ಮಾಡಬೇಕು, ಹೊರಗೆ ಗೊತ್ತಾಗಬಾರದು ಅಂತ ಷರತ್ತಿರುತ್ತದೆ. ಹೊಲಿಗೆ ಮಿಷನ್ ಒಂದು ಮಾತು, ವೆಲ್ಡಿಂಗ್ ಇನ್ನೊಂದು ಮಾತು.

ಪಕ್ಕದ ಜಾಗದ ವಲಯ ಬದಲಾಯಿಸುತ್ತೇವೆ ಅಂತ ನೋಟಿಸ್ ಬಂದಿದೆ. ಏನು ಮಾಡಲಿ?

ಮೊದಲು ಕೊನೆಯ ದಿನಾಂಕ ನೋಡಿ. ಒಳ್ಳೆಯ ಆಕ್ಷೇಪಣೆಗಳು ಜಾಸ್ತಿ ಸಾಯುವುದು ತಡವಾಗಿ ಬಂದಿದ್ದಕ್ಕೆ.

ಆಮೇಲೆ ಅರ್ಜಿಯ ಪ್ರತಿ ತೆಗೆಸಿ ಓದಿ. ಅದರಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅಂತ ಹುಡುಕಿ. ದಿನಕ್ಕೆ ಎಷ್ಟು ಲಾರಿ? ಯಾವ ರಸ್ತೆಯಲ್ಲಿ? ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಕೆಲಸ? ಒಳಗೆ ಏನು ಶೇಖರಿಸುತ್ತಾರೆ, ಎಷ್ಟು? ಕೊಳೆ ನೀರು ಎಲ್ಲಿಗೆ ಹೋಗುತ್ತದೆ? ಜನರೇಟರ್ ಎಲ್ಲಿ ಇಡುತ್ತಾರೆ? ಉತ್ತರ ಇಲ್ಲದ ಪ್ರತಿಯೊಂದು ಪ್ರಶ್ನೆಯೂ ನಿಮ್ಮ ಆಕ್ಷೇಪಣೆಯ ಒಂದೊಂದು ಸಾಲು.

'ನಮ್ಮ ಮನೆಯ ಬೆಲೆ ಬೀಳುತ್ತದೆ' ಅಂತ ಬರೆದು ಸುಮ್ಮನಾಗಬೇಡಿ. ಇಂಗ್ಲೆಂಡಿನಂಥ ಕಡೆ ಆ ಕಾರಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಶಾಲೆ ಎಷ್ಟು ಮೀಟರ್ ದೂರ, ರಸ್ತೆ ಎಷ್ಟು ಅಗಲ, ಈಗ ರಾತ್ರಿ ಎಷ್ಟು ಸದ್ದಿದೆ ಅಂತ ಅಳೆದು ಬರೆಯಿರಿ. ಒಂದೇ ಪತ್ರಕ್ಕೆ ನೂರು ಸಹಿ ಹಾಕಿಸುವುದಕ್ಕಿಂತ, ಹತ್ತು ಮನೆಯವರು ತಮ್ಮ ತಮ್ಮ ಮಾತಿನಲ್ಲಿ ಹತ್ತು ಪತ್ರ ಬರೆದರೆ ತೂಕ ಜಾಸ್ತಿ.

ಬೇಡವೇ ಬೇಡ ಅನ್ನುವುದರ ಜೊತೆಗೆ, ಕೊಡುವುದೇ ಆದರೆ ಯಾವ ಷರತ್ತು ಹಾಕಬೇಕು ಅಂತಲೂ ಬರೆಯಿರಿ. ಇದನ್ನು ಸೋಲೊಪ್ಪಿಕೊಂಡ ಹಾಗೆ ಅಂತ ಕೆಲವರು ತಿಳಿಯುತ್ತಾರೆ. ಹಾಗಲ್ಲ. ಅನುಮತಿ ಸಿಕ್ಕೇಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಷರತ್ತುಗಳೇ. 'ತೊಂದರೆ ಆಗದಂತೆ ನಡೆಸಬೇಕು' ಅನ್ನುವ ಷರತ್ತು ನೀರಿನ ಮೇಲಿನ ಬರಹ. 'ರಾತ್ರಿ 8ರಿಂದ ಬೆಳಗ್ಗೆ 7ರವರೆಗೆ ಲಾರಿ ಒಳಗೆ ಬರಬಾರದು' ಅನ್ನುವುದು ಷರತ್ತು. ಮುರಿದರೆ ಮೊಬೈಲಿನಲ್ಲಿ ತೆಗೆದ ಒಂದು ವಿಡಿಯೋ ಸಾಕು.

ವಲಯ ನಿಯಮವೇ ಇಲ್ಲದ ಊರು ಇದೆಯಾ?

ಅಮೆರಿಕದ ಹ್ಯೂಸ್ಟನ್. 1948, 1962, 1993ರಲ್ಲಿ ಮತ ಹಾಕಿ ಬೇಡ ಅಂದರು. ಅನುಕೂಲಸ್ಥರ ಬಡಾವಣೆಗಳು ಸೈಟಿನ ಪತ್ರದಲ್ಲೇ ಷರತ್ತು ಬರೆಸಿಕೊಂಡು ಕಾಪಾಡಿಕೊಂಡವು. ಅಂಥ ಪತ್ರವಿಲ್ಲದ, ಇದ್ದರೂ ಕೋರ್ಟಿಗೆ ಹೋಗಲು ದುಡ್ಡಿಲ್ಲದ ಕಡೆ ಮನೆ ಪಕ್ಕಕ್ಕೇ ಕಾರ್ಖಾನೆ ಬಂತು.

ಹಾಗಾದರೆ ವಲಯ ನಿಯಮ ಅಂದರೆ ಕಾರ್ಖಾನೆಯನ್ನು ಬಡವರ ಕಡೆ ತಳ್ಳುವುದಲ್ವಾ?

ಆಗಿದೆ, ಸುಳ್ಳಲ್ಲ. ನಕ್ಷೆ ಬರೆಯುವವರ ಹತ್ತಿರ ಯಾರ ಮಾತು ನಡೆಯುತ್ತದೋ ಅವರ ಬೀದಿ ವಸತಿ ವಲಯವಾಗುತ್ತದೆ. ಅಮೆರಿಕದ ಹಲವು ನಗರಗಳಲ್ಲಿ ಕಪ್ಪು ಜನರು ಮೊದಲೇ ವಾಸವಿದ್ದ ಕೇರಿಗಳನ್ನೇ ಕೈಗಾರಿಕಾ ವಲಯ ಅಂತ ಗುರುತು ಮಾಡಿದರು. ನಿಯಮ ಮುರಿಯದೆಯೇ ಅನ್ಯಾಯ ಮಾಡುವ ದಾರಿ ಅದು.

ಇನ್ನೊಂದು ಮುಖವೂ ಇದೆ. ಕಾರ್ಖಾನೆಯನ್ನು ತೀರಾ ದೂರ ಓಡಿಸಿದರೆ ಕೆಲಸಕ್ಕೆ ಹೋಗುವವರ ದಿನದ ಎರಡು ಮೂರು ಗಂಟೆ ಬಸ್ಸಿನಲ್ಲೇ ಹೋಗುತ್ತದೆ. 1996ರಲ್ಲಿ ಭಾರತದ ಸುಪ್ರೀಂ ಕೋರ್ಟ್ ದೆಹಲಿಯ 168 ಅಪಾಯಕಾರಿ ಕಾರ್ಖಾನೆಗಳು ನಗರದೊಳಗೆ ಇರಬಾರದು ಅಂದಾಗ, ಕೆಲಸಗಾರರಿಗೆ ಏನು ಕೊಡಬೇಕು ಅಂತಲೂ ಹೇಳಬೇಕಾಯಿತು. ಶಿಕಾಗೋ 1988ರಿಂದ ಕೆಲವು ಕೈಗಾರಿಕಾ ಪ್ರದೇಶಗಳನ್ನು ಮನೆಗಳಿಂದ ಕಾಪಾಡಲು ನಿಯಮ ತಂದಿತು. ಹೌದು, ಮನೆಗಳಿಂದ. ಅಪಾರ್ಟ್‌ಮೆಂಟ್‌ಗಳು ಬಂದು, ಆಮೇಲೆ ಅಲ್ಲಿನವರೇ ದೂರು ಕೊಟ್ಟು, ಕೊನೆಗೆ ಕೆಲಸ ಕೊಡುವ ಕಾರ್ಖಾನೆ ಜಾಗ ಬಿಡುವುದನ್ನು ತಡೆಯಲು.

ಹಳೇ ಕಾರ್ಖಾನೆ ಮುಚ್ಚಿದೆ. ಆ ಜಾಗವನ್ನು ವಸತಿ ವಲಯ ಮಾಡಿದ್ದಾರೆ. ಅಲ್ಲಿ ಮನೆ ತೆಗೆದುಕೊಳ್ಳಬಹುದಾ?

ನಕ್ಷೆಯ ಬಣ್ಣ ಬದಲಾದರೆ ಮಣ್ಣು ಬದಲಾಗುವುದಿಲ್ಲ. ಅಮೆರಿಕದ ನಯಾಗರ ಫಾಲ್ಸ್ ಊರಿನ ಲವ್ ಕೆನಾಲ್‌ನಲ್ಲಿ ರಾಸಾಯನಿಕ ಕಸ ತುಂಬಿದ್ದ ಹಳ್ಳವನ್ನು ಮಣ್ಣು ಮುಚ್ಚಿ 1953ರಲ್ಲಿ ಶಾಲಾ ಮಂಡಳಿಗೆ ಬಿಟ್ಟುಕೊಟ್ಟರು. ಅದರ ಮೇಲೆ ಶಾಲೆ ಬಂತು, ಸುತ್ತ ಮನೆ ಬಂದವು. 1978ರಲ್ಲಿ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಖಾಲಿ ಮಾಡಿಸಬೇಕಾಯಿತು.

ಹಾಗಾಗಿ ಮೊದಲು ಅಲ್ಲಿ ಏನು ತಯಾರಾಗುತ್ತಿತ್ತು ಅಂತ ಕೇಳಿ. ಮಣ್ಣು ಮತ್ತು ಅಂತರ್ಜಲ ಪರೀಕ್ಷೆಯ ವರದಿ ಕೇಳಿ. ಎಷ್ಟು ಆಳದವರೆಗೆ ಮಣ್ಣು ತೆಗೆದರು, ಅದನ್ನು ಎಲ್ಲಿ ಹಾಕಿದರು ಅಂತ ಕೇಳಿ. ಬಣ್ಣ, ಬ್ಯಾಟರಿ, ಲೋಹಕ್ಕೆ ಪಾಲಿಶ್, ಡ್ರೈ ಕ್ಲೀನಿಂಗ್ ಇದ್ದ ಜಾಗವಾದರೆ ಇನ್ನೂ ಹುಷಾರು. ವರದಿ ತೋರಿಸಲು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕೊಡಬೇಡಿ.